ದೊಡ್ಡಮ್ಮನ ಹೆಬ್ಬೆಟ್ಟು

ಮಿದುಳಿನ ರಚನೆ ಓದಿದವಳು ಅಂದರೆ ನಮ್ಮ ಕಡೆಯವರಿಗೆ ತಲೆನೋವಿನ ಡಾಕ್ಟರು. ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸುವಾಗಲೇ ಯಾರಾದರೂ ಹಣೆ ಮುಂದೆ ಮಾಡುತ್ತಿದ್ದರು. ನಾನು ಮುಟ್ಟುವುದು ಸತ್ತವರ ತಲೆ ಮಾತ್ರ ಎಂದು ಹೇಳಿ ಹೇಳಿ ಸಾಕಾಗಿತ್ತು.

ಸಾದಲಿಯಲ್ಲಿದ್ದ ನನ್ನ ದೊಡ್ಡಮ್ಮ ಅಕ್ಕಯ್ಯಮ್ಮನಿಗೆ ಲಕ್ವ ಹೊಡೆದದ್ದು ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯಲ್ಲಿ. ಕೈಕಾಲು ಸುಧಾರಿಸಿತು, ಕನ್ನಡ ಹೋಯಿತು. ಮದುವೆಯಾಗಿ ಬಂದು ನಲವತ್ತು ವರ್ಷ ಆಡಿದ ಕನ್ನಡ ಪೂರ್ತಿ ಅಳಿಸಿ, ತವರಿನ ತೆಲುಗು ಮಾತ್ರ ಉಳಿಯಿತು. ಕನ್ನಡದಲ್ಲಿ ನೀರು ಕೇಳಿದರೆ ಸುಮ್ಮನೆ ಮುಖ ನೋಡುತ್ತಿದ್ದಳು. ತೆಲುಗಿನಲ್ಲಿ ಕೇಳಿದರೆ ಚೊಂಬು ತರುತ್ತಿದ್ದಳು.

ಹಾಗಾದರೆ ಎರಡು ಭಾಷೆ ಮಿದುಳಿನಲ್ಲಿ ಬೇರೆ ಬೇರೆ ಜಾಗದಲ್ಲಿ ಕೂತಿರುತ್ತವೆಯೇ? ಈ ಪ್ರಶ್ನೆ ಹಿಡಿದು ಒಂಬತ್ತು ವರ್ಷ, ತಿಂಗಳಿಗೊಮ್ಮೆ, ಬೆಂಗಳೂರಿನಿಂದ ಸಾದಲಿಗೆ ಹೋದೆ. ಹನ್ನೊಂದು ನೋಟ್ ಪುಸ್ತಕ ತುಂಬಿದವು. ವಿದೇಶಿ ಪತ್ರಿಕೆಗೆ ಕಳಿಸಿದ ಲೇಖನ ಎರಡು ಸಲ ವಾಪಸು ಬಂತು. ಮಿದುಳನ್ನು ಕಣ್ಣಾರೆ ನೋಡದೆ ಅಚ್ಚು ಹಾಕಲಾಗದಂತೆ. ಕಾಲೇಜಿನಲ್ಲಿ ನನಗಿಂತ ಕಿರಿಯರು ಪ್ರೊಫೆಸರಾದರು, ನನ್ನ ಕೆಲಸಕ್ಕೆ "ವೆಂಕಟರತ್ನಮ್ಮನ ಅಡಗೂಲಜ್ಜಿ ಕತೆ" ಎಂದು ಹೆಸರಿಟ್ಟರು. ಹೊಟ್ಟೆ ಉರಿಯುತ್ತಿತ್ತು. ದೊಡ್ಡಮ್ಮನ ಮಿದುಳೊಂದು ಕೈಗೆ ಬಂದರೆ ಇವರೆಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೇ ದಿನ ದೂಡಿದೆ.

ಅದಕ್ಕೆ ಒಪ್ಪಿಗೆ ಪತ್ರ ಬೇಕು. ಕಾಲೇಜಿನ ಇಂಗ್ಲಿಷ್ ಫಾರಂ ಹಳ್ಳಿಯವರಿಗೆ ಹೇಗೆ ತಿಳಿದೀತು ಎಂದು ಜಗಳವಾಡಿ, ನಾನೇ ಚೆಂದದ ಕನ್ನಡದಲ್ಲಿ ಬರೆದೆ. ಅರವತ್ತೈದರ ಸಂಕ್ರಾಂತಿಯ ಮಾರನೆ ದಿನ ಅದನ್ನು ಓದಿ, ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬಸ್ಸಿಗೆ ಹೊತ್ತಾಗಿತ್ತು. ಅವಳು ನಗುತ್ತಾ "ತಿಂಟಿವಾ ಅಮ್ಮಾ?" ಎಂದು ನನ್ನ ಊಟ ವಿಚಾರಿಸಿದಳು.

ಅರವತ್ತೇಳರ ಬೇಸಿಗೆಯಲ್ಲಿ ತೀರಿಕೊಂಡಳು. ತಂತಿ ಬಂದ ತಕ್ಷಣ ಬಾಡಿಗೆ ಕಾರು ಹಿಡಿದು, ಮಿದುಳು ಕೆಡದಂತೆ ಇಡುವ ಫಾರ್ಮಲಿನ್ ಕ್ಯಾನು, ಗಾಜಿನ ಜಾಡಿ ಹೊತ್ತು ಮಧ್ಯಾಹ್ನಕ್ಕೆ ಸಾದಲಿ ಸೇರಿದೆ. ಮಣ್ಣು ಮಾಡುವುದು ಸಂಜೆಗೆ ಎಂದರು. ಅವಳ ಮಗ ರಾಮಾಂಜಿನಪ್ಪ ಸ್ಕೂಲ್ ಮೇಷ್ಟ್ರು, ತಂಟೆ ತಕರಾರಿನವನಲ್ಲ. ಅತ್ತು ಕೆಂಪಾದ ಕಣ್ಣಿನಲ್ಲೇ ಪತ್ರವನ್ನು ಎರಡು ಸಲ ಓದಿದ.

"ಅಕ್ಕಾ, ಇದು ಕನ್ನಡದಲ್ಲೈತೆ."

"ನಿಮಗೆಲ್ಲ ಅರ್ಥ ಆಗ್ಲಿ ಅಂತ್ಲೇ ಬರ್ದಿದ್ದು ಕಣಪ್ಪ."

"ನಂಗಾಯ್ತು. ಅಮ್ಮಂಗೆ? ಅಮ್ಮಂಗೆ ಕನ್ನಡ ಒಂದು ಮಾತೂ ತಿಳಿಯಲ್ಲ ಅಂತ ನೀನೇ ಅಲ್ವಾ ಹನ್ನೊಂದು ಪುಸ್ತಕ ಬರ್ದಿರೋದು? ಇದನ್ನ ತೆಲುಗಲ್ಲಿ ಹೇಳಿದ್ಯಾ?"

ಹೇಳಿರಲಿಲ್ಲ. ಚೆಂದದ ಕನ್ನಡ ಬರೆದ ಗತ್ತಿನಲ್ಲಿ, ಬಸ್ಸಿನ ಅವಸರದಲ್ಲಿ, ಅದು ನನಗೆ ಹೊಳೆದೇ ಇರಲಿಲ್ಲ. ಈಗ ಹೂಂ ಅಂದರೆ ಸಾಕಿತ್ತು, ಅವನು ನಂಬುತ್ತಿದ್ದ. ಆದರೆ ಪುಸ್ತಕಗಳು ನಿಜವಾದರೆ ಆ ಹೆಬ್ಬೆಟ್ಟು ಸುಳ್ಳು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಲ್ಲಪ್ಪ" ಎಂದೆ.

"ಕೇಳಿದ್ರೆ ಒಪ್ತಿದ್ಲೇನೋ ಅಕ್ಕ. ನೀನಂದ್ರೆ ಪ್ರಾಣ ಅವಳಿಗೆ. ಈಗ ಯಾರನ್ನ ಕೇಳಣ?" ಎಂದು ಪತ್ರ ಮಡಿಸಿ ನನ್ನ ಕೈಗಿಟ್ಟ.

ಸಂಜೆ ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಸಿಟ್ಟು ತಡೆಯಲಾಗದಷ್ಟಿತ್ತು, ಬೈಯಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಹೊರಡುವಾಗ ರಾಮಾಂಜಿನಪ್ಪ ಹಿಂಜರಿಯುತ್ತಾ, "ಆ ಫಾರ್ಮಲಿನ್ ಬಿಟ್ಟೋಗ್ತೀಯಾ ಅಕ್ಕ? ರೇಷ್ಮೆ ಹುಳದ ಮನೆ ತೊಳೀಬೇಕಿತ್ತು" ಎಂದ. ಕ್ಯಾನು ಇಳಿಸಿಕೊಟ್ಟೆ.

ಶಿಡ್ಲಘಟ್ಟ ದಾಟಿದ ಮೇಲೆ, ಖಾಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಪತ್ರವನ್ನು ತೆಲುಗಿನಲ್ಲಿ ಬಾಯಿಬಿಟ್ಟು ಹೇಳಿ ನೋಡಿದೆ. ಜಂಗಮಕೋಟೆ ಬರುವಷ್ಟರಲ್ಲಿ ನಾಲ್ಕು ಸಲ ಹೇಳಿ ಮುಗಿಸಿದ್ದೆ.