ತೊಳೆದ ಮಾಂಸ

"ಕೇವ್! ಕೇವ್!" ಕುಲ್ಯಾಶ್ ಮೂರನೇ ಸಲ ಕೂಗಿದಳು. ತೊಗಲಿನ ಕೈಗವಸಿನಲ್ಲಿ ಮೊಲದ ಕಾಲನ್ನು ಎತ್ತಿ ಹಿಡಿದೂ ಹಿಡಿದೂ ತೋಳು ಸೋತುಹೋಗಿತ್ತು. ಬಂಡೆಯ ಮೇಲೆ ಕೂತಿದ್ದ ಹದ್ದು ಅವಳನ್ನು ನೋಡಿತು, ಮೊಲದ ಕಾಲನ್ನು ನೋಡಿತು, ಆಮೇಲೆ ಕತ್ತು ತಿರುಗಿಸಿ ಆರಾಮಾಗಿ ಗರಿ ನೇವರಿಸಿಕೊಳ್ಳತೊಡಗಿತು.

ಹದ್ದು ಅಪ್ಪನದು. ಅಪ್ಪ ಕಾಬ್ದೆನ್ ತೀರಿಕೊಂಡು ಮೂವತ್ತೈದು ದಿನವಾಗಿತ್ತು. ನಲವತ್ತನೇ ದಿನದ ತಿಥಿಯೂಟದೊಳಗೆ ಅದು ಮಗಳ ಕೈಗೆ ಬರದಿದ್ದರೆ ಚಿಕ್ಕಪ್ಪ ಮಸ್ಗುತ್ ತನ್ನ ಮನೆಗೆ ಒಯ್ಯುವುದೆಂದು ಮಾತಾಗಿತ್ತು. ಅಪ್ಪನ ಕೋಟು, ಜೀನು, ಟೋಪಿ ಎಲ್ಲ ಹಂಚಿಹೋಗಿದ್ದವು. ಕುಲ್ಯಾಶ್‌ಗೆ ಉಳಿದದ್ದು ಇದೊಂದೇ.

ಮಸ್ಗುತ್ ಬಂಡೆ ಹತ್ತಿ ಹದ್ದನ್ನು ಹಿಡಿದು ತಂದ. ಅದರ ಎದೆಗೆ ಬೆರಳೂರಿ ನೋಡಿ ಹುಬ್ಬು ಗಂಟಿಕ್ಕಿದ.

"ಏನೇ ಇದು, ಗಬ್ಬದ ಕುರಿ ಇದ್ದಂಗಿದೆ! ಎದೆಮೂಳೆ ಕೈಗೇ ಸಿಗ್ತಿಲ್ಲ. ಏನು ಹಾಕ್ತಿದೀಯ?"

"ತೊಳೆದ ಮಾಂಸಾನೇ ಚಿಕ್ಕಪ್ಪ."

"ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳು. ನಿಮ್ಮಪ್ಪಂಗೂ ಬರ್ತಿರ್ಲಿಲ್ಲ, ನಿಂಗೂ ಬರಲ್ಲ."

ಬೇಟೆಯ ಕಾಲದಲ್ಲಿ ಹದ್ದಿಗೆ ಮಾಂಸವನ್ನು ನೀರಲ್ಲಿ ನೆನೆಸಿ, ಹಿಂಡಿ, ರಕ್ತವೆಲ್ಲ ಹೋಗಿ ಬೆಳ್ಳಗಾದ ಮೇಲೆ ಕೊಡಬೇಕು. ಹೊಟ್ಟೆಗೆ ಬೀಳುತ್ತದೆ, ಹಸಿವು ಮಾತ್ರ ತೀರುವುದಿಲ್ಲ. ಹಸಿವು ತೀರಿದ ಹದ್ದಿಗೆ ಮನುಷ್ಯರ ಕೈ ಯಾಕೆ ಬೇಕು? ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕುಲ್ಯಾಶ್‌ಗೂ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಕೆಂಪು ಮಾಂಸವನ್ನೇ ಹಾಕುತ್ತಿದ್ದಳು.

"ಹಸಿದು ಅರಚುತ್ತೆ ಚಿಕ್ಕಪ್ಪ. ನನ್ ಕೈಲಾಗಲ್ಲ," ಎಂದಳು. "ಅಪ್ಪ ಆಸ್ಪತ್ರೇಲಿ ಕೊಬ್ಬಲ್ಲಿ ಹುರಿದ ಕುರಿ ಈಲಿ ಬೇಕು ಅಂದ್ರು. ಡಾಕ್ಟರು ಬೇಡ ಅಂದಿದ್ರು. ಮೂರು ಚಮಚ ಸಾರು ಕುಡಿಸಿ, ಇವತ್ತಿಗಿಷ್ಟೇ ಅಂದೆ. ಗೋಡೆ ಕಡೆ ತಿರುಗಿದೋರು ಮತ್ತೆ ಈ ಕಡೆ ತಿರುಗಲೇ ಇಲ್ಲ."

ಮಸ್ಗುತ್ ಕುದುರೆಯ ಜೀನಿನ ಪಟ್ಟಿ ಬಿಗಿದ. ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದ.

"ಅಣ್ಣನ ಕಾಲ ಮುಗಿದಿತ್ತು ಕಣೆ, ಹೋದ. ಇದನ್ನ ಮಾತ್ರ ನೀನೇ ತಿನ್ನಿಸಿ ತಿನ್ನಿಸಿ ಕಳಕೊಳ್ತಿದೀಯ."

ಆವತ್ತಿನಿಂದ ಕುಲ್ಯಾಶ್ ಹೊಳೆಯ ಮಂಜುಗಡ್ಡೆ ಒಡೆದು ಮಾಂಸ ತೊಳೆದಳು. ಮಾಂಸ ಬೆಳ್ಳಗಾಗುವಷ್ಟರಲ್ಲಿ ಕೈ ಕೆಂಪಾಗುತ್ತಿತ್ತು. ಮನೆಯೊಳಗೆ ಹದ್ದಿನ ಅರಚಾಟ, ಕೂತಲ್ಲಿ ಕೂರಲಾಗದು. ಚಹಾ ಕಾಸಿ ಕುಡಿಯುವುದನ್ನು ಮರೆತಳು. ಸುಮ್ಮಸುಮ್ಮನೆ ಎದ್ದು ಕುದುರೆಯ ಹತ್ತಿರ ಹೋಗಿ ಬಂದಳು, ಬಂದವಳು ಮತ್ತೆ ಹೋದಳು. ಮೂರನೇ ದಿನ ತಡೆಯಲಾರದೆ ದೊಡ್ಡದೊಂದು ಕೆಂಪು ತುಂಡು ಕೊಯ್ದು ಹದ್ದಿನ ಮುಂದೆ ಹೋಗಿ ನಿಂತಳು. ನಿಂತು, ಹಲ್ಲು ಕಚ್ಚಿ, ಹೊರಗೆ ಬಂದು ನಾಯಿಗೆ ಎಸೆದಳು. ಆ ವಾರ ಆ ಮನೆಯಲ್ಲಿ ದಪ್ಪಗಾದದ್ದು ನಾಯಿ ಒಂದೇ.

ನಲವತ್ತನೇ ದಿನ ಬೆಳಿಗ್ಗೆ ಹೆಂಗಸರು ಹಿಟ್ಟು ಕರಿಯುತ್ತಿದ್ದರು, ಕುರಿ ಕೊಯ್ದಾಗಿತ್ತು. ಅವಳು ಯಾರಿಗೂ ಕಾಣದಂತೆ ಈಲಿಯ ಒಂದು ಚೂರನ್ನು ಜೇಬಿಗೆ ಹಾಕಿಕೊಂಡು ಬಯಲಿಗೆ ಬಂದಳು. ಮೇಲೆ ಗುಡ್ಡದಲ್ಲಿ ಮಸ್ಗುತ್ ಹದ್ದಿನ ಕಣ್ಣು ಮುಚ್ಚಿದ್ದ ತೊಗಲಿನ ಟೋಪಿ ತೆಗೆದ.

ಕುಲ್ಯಾಶ್ ತೊಳೆದ ಮಾಂಸದ ತುಂಡನ್ನು ಕೈಗವಸಿನಲ್ಲಿ ಎತ್ತಿ ಹಿಡಿದು ಕೂಗಿದಳು. ಕೂಗು ಮುಗಿಯುವ ಮೊದಲೇ ಅದು ಹೊರಟಿತ್ತು. ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು, ಭಾರಕ್ಕೆ ತೋಳು ಕುಸಿಯಿತು. ಬಿಳಿ ತುಂಡನ್ನು ಹದ್ದು ಒಂದೇ ಗುಟುಕಿಗೆ ನುಂಗಿ ಖಾಲಿ ಕೈಗವಸನ್ನು ನೋಡಿತು, ಆಮೇಲೆ ಅವಳ ಮುಖವನ್ನು.

"ಬಂತಲ್ಲೇ! ಬಂತು!" ಎಂದು ಮಸ್ಗುತ್ ಮೇಲಿಂದ ಕಿರುಚಿದ.

ಕುಲ್ಯಾಶ್‌ಳ ಇನ್ನೊಂದು ಕೈ ಜೇಬಿನಲ್ಲಿತ್ತು. ಈಲಿ ಇನ್ನೂ ಬೆಚ್ಚಗಿತ್ತು.

"ಇವತ್ತಿಗಿಷ್ಟೇ," ಎಂದಳು. ಹೇಳಿ, ನೋಡಲಾರದೆ ತಾನೇ ಮುಖ ಆ ಕಡೆ ತಿರುಗಿಸಿದಳು. ಅಳು ಬಂತು. ಅಳುವಷ್ಟು ಹೊತ್ತೂ ತೋಳಿನ ಭಾರ ಕಡಿಮೆಯಾಗಲಿಲ್ಲ. ತಿರುಗಿ ನೋಡಿದಾಗ ಹದ್ದು ರೆಕ್ಕೆ ಮಡಚಿಕೊಂಡು ಅವಳನ್ನೇ ನೋಡುತ್ತ ಕೂತಿತ್ತು.