ಪರದೆಯೊಳಗಿನ ವಕಾಲತ್ತು

ಇಟ್ಟಿಗೆ ಭಟ್ಟಿಯ ಹಿಂದೆ ಸಾಲಾಗಿ ಗುಡಿಸಲುಗಳಿದ್ದವು. ಗುಡಿಸಲು ಅನ್ನುವುದೇ ದೊಡ್ಡ ಮಾತಾಯಿತು. ಸುಡುವಾಗ ಒಡೆದ, ಸೊಟ್ಟಗಾದ, ಯಾರೂ ಕೊಳ್ಳದ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ, ಮೇಲೆ ತಗಡು ಹೊದಿಸಿ, ತಗಡು ಹಾರಿಹೋಗದಿರಲೆಂದು ಅದರ ಮೇಲೂ ಇಟ್ಟಿಗೆ ಹೇರಿದ್ದರು. ಊರಿಗೆಲ್ಲ ಮಹಡಿಮನೆಯ ಇಟ್ಟಿಗೆ ಮಾಡಿಕೊಡುವವರಿಗೆ ಸ್ವಂತ ಮನೆಯೊಳಗೆ ನೆಟ್ಟಗೆ ನಿಲ್ಲುವ ಯೋಗವಿರಲಿಲ್ಲ. ಒಳಗೆ ಹೋಗಲು ಬಗ್ಗಬೇಕು, ಹೊರಗೆ ಬರಲೂ ಬಗ್ಗಬೇಕು.

"ಧಣಿ ಮುಂದೆ ಬಗ್ಗೋ ಅಭ್ಯಾಸ ತಪ್ಪದಿರ್ಲಿ ಅಂತ ಮನೇನೂ ಹೀಗೇ ಕಟ್ಕೊಂಡಿದೀವಿ" ಎನ್ನುತ್ತಿದ್ದಳು ವಕೀಲಮ್ಮ.

ವಕೀಲಮ್ಮ ಇಟ್ಟಿಗೆಯ ಅಚ್ಚು ಹಾಕುವವಳು. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ, ಅಕ್ಷರದ ಮುಖ ಕಂಡವಳಲ್ಲ. ಆದರೆ ಯಾರ ಕೋಳಿ ಯಾರ ಅಂಗಳದಲ್ಲಿ ಮೊಟ್ಟೆಯಿಟ್ಟಿತು ಅನ್ನುವುದರಿಂದ ಹಿಡಿದು ಮಳೆ ಯಾಕೆ ತಡವಾಯಿತು ಅನ್ನುವವರೆಗೆ ಎಲ್ಲಕ್ಕೂ ವಾದ ಹೂಡುತ್ತಿದ್ದಳು. ಅದಕ್ಕೇ ಆ ಹೆಸರು. ಗಂಡ ಭಟ್ಟಿಗೆ ಸೌದೆ ಒಟ್ಟುವವನು. ಉದ್ದನೆಯ ಆಳು, ಮಾತು ಕಮ್ಮಿ. ಹಗಲಲ್ಲಿ ಆಡದ ಮಾತನ್ನೆಲ್ಲ ನಿದ್ದೆಯಲ್ಲಿ ಹೊರಹಾಕುತ್ತಿದ್ದುದರಿಂದ ಎಲ್ಲರೂ ಅವನನ್ನು ಗೊರಕೆ ಎಂದೇ ಕರೆಯುತ್ತಿದ್ದರು. ಅವನು ಕಾಲು ಚಾಚಿದರೆ ಗುಡಿಸಲು ಸಾಲದೆ ಪಾದಗಳೆರಡೂ ಬಾಗಿಲಾಚೆ ಉಳಿಯುತ್ತಿದ್ದವು. ಸೊಳ್ಳೆ ಒಳಗೆ ಬರದಿರಲೆಂದು ವಕೀಲಮ್ಮ ಗಂಡನ ಕಾಲನ್ನು ಹೊಸ್ತಿಲಲ್ಲೇ ಬಡಿಸಿಟ್ಟಿದ್ದಾಳೆಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು.

ಸೊಳ್ಳೆಗೇನು ಬರವೇ! ಮಣ್ಣು ಅಗೆದ ಗುಂಡಿಗಳಲ್ಲೆಲ್ಲ ಹಸಿರು ನೀರು ನಿಂತಿತ್ತು. ನಸುಕಿಗೆ ಮುಂಚೆ ಎದ್ದು ಮಣ್ಣು ತುಳಿಯಬೇಕು, ಮುಸ್ಸಂಜೆಗೆ ಲಾರಿಗೆ ಇಟ್ಟಿಗೆ ತುಂಬಬೇಕು. ಎರಡೂ ಸೊಳ್ಳೆಯ ಊಟದ ಹೊತ್ತು. ಎರಡು ಕೈಯಲ್ಲೂ ಇಟ್ಟಿಗೆ ಹಿಡಿದವರು ಸೊಳ್ಳೆ ಹೊಡೆಯುವುದು ಯಾವ ಕೈಯಿಂದ? ಚಳಿಜ್ವರ ನೆಂಟನ ಹಾಗೆ ಗುಡಿಸಲಿಂದ ಗುಡಿಸಲಿಗೆ ಓಡಾಡಿಕೊಂಡಿತ್ತು. ಹಿಂದಿನ ವರ್ಷ ವಕೀಲಮ್ಮನ ಪುಟ್ಟ ಮಗನನ್ನು ಕರೆದುಕೊಂಡೇ ಹೋಯಿತು. ಅದೊಂದು ವಿಷಯದಲ್ಲಿ ಮಾತ್ರ ಅವಳು ಯಾರೊಂದಿಗೂ ವಾದ ಮಾಡಿರಲಿಲ್ಲ. ಈಗ ಮಗಳು ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಳು.

ಹೀಗಿರುವಾಗ ಸರ್ಕಾರದಿಂದ ಸೊಳ್ಳೆಪರದೆಗಳು ಬಂದವು.

ಜೀಪಿನಲ್ಲಿ ತಂದವನು ಮಲೇರಿಯಾ ಇಲಾಖೆಯ ಅಧಿಕಾರಿ. ಜನ ಅವನಿಗೆ ಸೊಳ್ಳೆ ಸಾಹೇಬ ಎನ್ನುತ್ತಿದ್ದರು. ಒಳ್ಳೆಯವನೇ. ಆದರೆ ಭಾಷಣಕ್ಕೆ ನಿಂತನೆಂದರೆ ಸೊಳ್ಳೆಯೇ ಬೇಸತ್ತು ಎದ್ದುಹೋಗಬೇಕು. ಭಟ್ಟಿಯ ಧಣಿ, "ಇವರೆಲ್ಲ ನನ್ನ ಮಕ್ಕಳಿದ್ದ ಹಾಗೆ ಸಾಹೇಬ್ರೆ, ನಾನೇ ಹಂಚ್ತೀನಿ ಬಿಡಿ" ಎಂದು ಮೂಟೆಗಳನ್ನು ಇಳಿಸಿಕೊಂಡ. ಫೋಟೋ ಬೇಕಲ್ಲ, ವಕೀಲಮ್ಮನ ಅತ್ತೆಯನ್ನು ಕರೆದು ಅವಳ ಕೈಗೆ ಒಂದು ಪರದೆ ಇಟ್ಟ. ಮುದುಕಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. ಜೀಪಿನ ಧೂಳು ಅಡಗುವ ಮೊದಲೇ ಆಳುಗಳನ್ನು ಕೆಲಸಕ್ಕೆ ಎಬ್ಬಿಸುವ ಮೇಸ್ತ್ರಿ ಬಂದು ಅದನ್ನು ಕಿತ್ತುಕೊಂಡ.

"ಅಯ್ಯೋ, ನಂಗೇ ಕೊಟ್ಟಿದ್ದಲ್ವೇನಪ್ಪಾ?"

"ಅದು ಫೋಟೋಕ್ಕೆ ಕೊಟ್ಟಿದ್ದಜ್ಜಿ."

"ಹಂಗಾದ್ರೆ ನಾನು ನಕ್ಕಿದ್ದನ್ನೂ ವಾಪಸ್ ಕೊಡು!"

ಮೇಸ್ತ್ರಿಗೆ ಅದನ್ನು ಹೇಗೆ ಕೊಡಬೇಕೆಂದು ತಿಳಿಯಲಿಲ್ಲ. ಪರದೆಯನ್ನು ಬಗಲಲ್ಲಿ ಇರುಕಿಕೊಂಡು ಹೊರಟುಹೋದ.

ಹಂಚುವ ಮಾತು ಇವತ್ತು ನಾಳೆ ಎಂದು ಮುಂದೆ ಹೋಯಿತು. ಮಗಳ ಜ್ವರ ಇಳಿಯಲಿಲ್ಲ. ಆಸ್ಪತ್ರೆಗೆ ಹೋಗಿಬರಲು ಒಂದು ದಿನ ಬಿಡುವು ಕೇಳೋಣವೆಂದು ವಕೀಲಮ್ಮ ಧಣಿಯ ಮನೆಗೆ ಹೋದಳು. ಧಣಿ ಹಿತ್ತಲಲ್ಲಿದ್ದ. ಅಲ್ಲಿ ಹೊಸದಾಗಿ ತೋಡಿಸಿದ ಮೀನಿನ ಕೊಳ. ಕೊಳದ ತುಂಬ ಗೂಟ ಹೊಡೆದು, ಸರ್ಕಾರದ ಪರದೆಗಳನ್ನೆಲ್ಲ ತೊಟ್ಟಿಲಿನಂತೆ ನೀರಿನೊಳಗೆ ಇಳಿಬಿಟ್ಟು, ಅವುಗಳಲ್ಲಿ ಆಗಷ್ಟೇ ಮೀನಿನ ಮರಿ ಬಿಟ್ಟಿದ್ದ. ಕೊಕ್ಕರೆ ಮುಟ್ಟದಿರಲೆಂದು ಮೇಲೂ ಪರದೆ.

ವಕೀಲಮ್ಮ ಬಂದ ಕೆಲಸವನ್ನೇ ಮರೆತಳು.

"ಧಣಿ, ಮೀನಿಗೂ ಚಳಿಜ್ವರ ಬರುತ್ತಾ?"

ಧಣಿ ಬೆಚ್ಚಿ ತಿರುಗಿದ. "ನಿಮ್ಮ ಗುಡಿಸಲಲ್ಲಿ ಕಟ್ಟೋಕೆ ಜಾಗ ಎಲ್ಲಿದೆ? ಹರಿದು ಚಿಂದಿ ಮಾಡ್ತೀರ. ಅದಕ್ಕೇ ಜೋಪಾನವಾಗಿ ಇಟ್ಟಿದೀನಿ."

"ನೀರಲ್ಲಿ?"

"ಬಾಯಿ ಜಾಸ್ತಿ ಆಯ್ತು ನಿಂದು."

"ಮಗಳಿಗೆ ಜ್ವರಾನೂ ಜಾಸ್ತಿ ಆಗಿದೆ ಧಣಿ. ಒಂದು ದಿನ ಬಿಡಿ, ಆಸ್ಪತ್ರೆಗೆ ತೋರಿಸ್ಕೊಂಡು ಬರ್ತೀನಿ."

"ಅಚ್ಚು ಹಾಕೋರು ಯಾರು, ನಾನಾ? ಬಿಸಿನೀರು ಕುಡಿಸು, ಹೋಗುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ. ವಕೀಲಮ್ಮ ಪೂಜಾರಿಯ ಮುಖ ನೋಡಿದಳು, ಕೊಳದೊಳಗೆ ನೆನೆಯುತ್ತಿದ್ದ ವರವನ್ನೂ ನೋಡಿದಳು, ಹಿಂದಿರುಗಿದಳು.

ಆದರೆ ಆ ಪರದೆಗಳು ಬರೀ ಬಲೆಯಲ್ಲ. ಸೊಳ್ಳೆ ಬಂದು ಕೂತರೆ ಸಾಯಲೆಂದು ಔಷಧಿ ಹಾಕಿದ ಪರದೆಗಳು. ಮರುದಿನ ಬೆಳಗಾಗುವಷ್ಟರಲ್ಲಿ ಧಣಿಯ ಮೀನಿನ ಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ಧಣಿ ಎದೆ ಎದೆ ಬಡಿದುಕೊಂಡ. ವಕೀಲಮ್ಮನೇ ವಿಷ ಹಾಕಿದ್ದಾಳೆಂದು ಭಟ್ಟಿಗೇ ಬಂದು ಕೂಗಾಡಿದ. ಅಷ್ಟರಲ್ಲಿ ಜ್ವರದವರ ರಕ್ತ ಪರೀಕ್ಷೆಗೆಂದು ಸೊಳ್ಳೆ ಸಾಹೇಬನ ಜೀಪು ಬಂತು. ಧಣಿಗೆ ಕೋಪದ ಭರದಲ್ಲಿ ಹಿಂದುಮುಂದು ತಿಳಿಯಲಿಲ್ಲ. "ಬನ್ನಿ ಸಾಹೇಬ್ರೆ, ಇವರ ಘನಂದಾರಿ ಕೆಲಸ ನೀವೇ ನೋಡಿ!" ಎಂದು ಕೈಹಿಡಿದು ಕೊಳದ ಹತ್ತಿರ ಎಳೆದುಕೊಂಡು ಹೋದ. ಹಿಂದೆಯೇ ಭಟ್ಟಿಯ ಜನವೆಲ್ಲ ಹೋದರು.

ಸಾಹೇಬ ಬಗ್ಗಿ ನೋಡಿದ. ಸತ್ತ ಮರಿ ನೋಡಿದ. ಪರದೆಯ ಅಂಚನ್ನು ಎತ್ತಿ ಇಲಾಖೆಯ ಮುದ್ರೆ ನೋಡಿದ.

"ಇದು ನಮ್ಮ ಪರದೆಯ ಔಷಧಿ. ಮೀನಿಗೆ ಆಗಲ್ಲ" ಎಂದ. ಆಮೇಲೆ ನಿಧಾನವಾಗಿ ಕೇಳಿದ, "ನಮ್ಮ ಪರದೆ ಇಲ್ಲಿ ಯಾಕಿದೆ?"

ಧಣಿಯ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚಿತು. "ಒಗೆಯೋಕೆ... ಹಂಚೋ ಮುಂಚೆ ಒಗೆದು ಕೊಡೋಣ ಅಂತ..."

"ಮಕ್ಕಳಿದ್ದ ಹಾಗಲ್ವಾ ನಾವು" ಎಂದಳು ವಕೀಲಮ್ಮ. "ಕೊಳೆ ಬಟ್ಟೆ ಹೊದಿಸೋಕೆ ಮನಸ್ಸು ಬರ್ಲಿಲ್ಲ ಧಣಿಗೆ."

ಸಾಹೇಬ ನಗಲಿಲ್ಲ. ತಾನೇ ನಿಂತು ಪರದೆಗಳನ್ನು ಮೇಲೆತ್ತಿಸಿ ಮನೆಮನೆಗೂ ಹಂಚಿಸಿದ. ವಕೀಲಮ್ಮನ ಮಗಳ ರಕ್ತ ನೋಡಿ ಮಾತ್ರೆ ಕೊಟ್ಟ. ಕೊನೆಗೆ ಜೀಪಿನ ಮುಂದೆ ನಿಂತು ಭಾಷಣ ಮಾಡಿದ: "ಹೊತ್ತು ಮುಳುಗಿದ ಮೇಲೆ ಪರದೆ ಒಳಗೆ ಹೋಗಿ. ಹೊತ್ತು ಹುಟ್ಟೋವರೆಗೂ ಹೊರಗೆ ಬರಬೇಡಿ. ಯಾರು ಕರೆದರೂ ಬರಬೇಡಿ!"

"ಇನ್ನೊಂದ್ಸಲ ಹೇಳಿ ಸಾಹೇಬ್ರೆ" ಎಂದಳು ವಕೀಲಮ್ಮ.

ಸಾಹೇಬನ ಇಡೀ ನೌಕರಿಯಲ್ಲಿ ಅವನ ಭಾಷಣವನ್ನು ಇನ್ನೊಮ್ಮೆ ಕೇಳಿದವರು ಯಾರೂ ಇರಲಿಲ್ಲ. ಅವನು ಉಬ್ಬಿಹೋಗಿ, ಇನ್ನಷ್ಟು ಗಟ್ಟಿಯಾಗಿ ಹೇಳಿದ.

ಪರದೆ ಕೈಗೆ ಬಂತು, ಕಟ್ಟುವುದೆಲ್ಲಿ? ತಗಡಿಗೆ ಕಟ್ಟಿದರೆ ಪರದೆ ಮೂಗಿನ ಮೇಲೇ ಬಂದು ಕೂರುತ್ತಿತ್ತು. ಔಷಧಿ ಅರ್ಧಕ್ಕರ್ಧ ಕೊಳದ ಪಾಲಾಗಿದ್ದರಿಂದ, ಮೈಗೆ ತಾಗಿದ ಕಡೆಯೆಲ್ಲ ಸೊಳ್ಳೆ ಹೊರಗಿನಿಂದಲೇ ಕೊಳವೆ ಹಾಕಿ ಕುಡಿಯುತ್ತಿತ್ತು. "ಹೆಣಕ್ಕೆ ಬಟ್ಟೆ ಹೊದಿಸ್ದಂಗಿದೆ, ತೆಗೀರಿ" ಎಂದು ಅತ್ತೆ ಎದ್ದು ಕೂತಳು. ಸೆಕೆಗೆ ಮಗಳು ಅಳತೊಡಗಿದಳು. ಗೊರಕೆ ಎದ್ದು ಹೊರಗೆ ಹೋಗಿ, ಹಸಿ ಇಟ್ಟಿಗೆ ಒಣಗಿಸುವ ಬಯಲಲ್ಲಿ ಖಾಲಿಯಿದ್ದ ಕಡೆ ನಾಲ್ಕು ಬೊಂಬು ನೆಟ್ಟು ಪರದೆ ಕಟ್ಟಿದ. ತನ್ನ ಉದ್ದಕ್ಕೆಂದು ಮನೆಗೆ ಬಂದಿದ್ದ ಇನ್ನೊಂದನ್ನೂ ಪಕ್ಕದಲ್ಲಿ ಕಟ್ಟಿಕೊಂಡು, ಪೂರ್ತಿ ಕಾಲು ಚಾಚಿ ಮಲಗಿದ. ಅದನ್ನು ನೋಡಿ ಉಳಿದವರೂ ಚಾಪೆ ಎಳೆದುಕೊಂಡು ಬಂದರು. ಲಾರಿ ಬಂದು ತಿರುಗುವ ಜಾಗವೂ ಅದೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಬೆಳಕು ಹರಿಯುವ ಮುಂಚೆ ಮೇಸ್ತ್ರಿ ಎಂದಿನಂತೆ ಬಂದ. "ಏಳ್ರೋ! ಮಣ್ಣು ಕಾಯ್ತಾ ಇದೆ!"

ಯಾರೂ ಅಲ್ಲಾಡಲಿಲ್ಲ.

"ವಕೀಲಮ್ಮ, ಏಳಲ್ವಾ?"

"ಎದ್ದಿದೀನಲ್ಲ. ಹೊರಗೆ ಬರೋ ಹಂಗಿಲ್ಲ. ಸಾಹೇಬ್ರು ಹೇಳಿದ್ದು ನೀನೂ ಕೇಳ್ದೆ."

"ಅದು ಕೆಲಸ ಇಲ್ದೋರಿಗೆ ಹೇಳಿದ್ದು."

"ಹೌದಾ? ಸೊಳ್ಳೆಗೆ ಹೇಳು ಮತ್ತೆ, ಕೆಲಸ ಇರೋರ್ನ ಕಚ್ಬೇಡ ಅಂತ."

ಪರದೆ ಪರದೆಯಿಂದ ನಗು ಬಂತು. ಮೇಸ್ತ್ರಿ ಕಿವಿ ಸವರಿಕೊಳ್ಳುತ್ತ ನಿಂತ. ಹೊತ್ತು ಹುಟ್ಟಿದ ಮೇಲೆ ಎಲ್ಲರೂ ಎದ್ದು ಬಂದು ಎಂದಿನಂತೆ ದುಡಿದರು. ಒಳಗೊಳಗೇ ಎಲ್ಲರಿಗೂ ಭಯವಿತ್ತು. ಸಂಜೆ ಸೂರ್ಯ ಕೆಳಗಿಳಿದ ಕೂಡಲೇ ಕೈ ತೊಳೆದು ಪರದೆಯೊಳಗೆ ಸೇರಿಕೊಂಡರು.

ಲಾರಿ ಬಂತು. ಹಾರನ್ ಬಡಿಯಿತು. ಎದುರಿಗೆ ಬಯಲ ತುಂಬ ಬಿಳಿ ಪರದೆಗಳು. ಹಿಂದೆ ತಿರುಗಲೂ ಜಾಗವಿಲ್ಲದೆ ಲಾರಿ ಅಲ್ಲೇ ನಿಂತಿತು. ಧಣಿ ಓಡಿಬಂದ. ಕೂಗಿದ, ಬೈದ, ಒಂದು ಬೊಂಬನ್ನು ಅಲ್ಲಾಡಿಸಿಯೂ ನೋಡಿದ. ಕೊನೆಗೆ ಸಾಹೇಬನಿಗೇ ಫೋನು ಮಾಡಿದ: "ನೀವು ಹೇಳಿಕೊಟ್ಟಿದ್ದನ್ನ ನೀವೇ ಬಂದು ಬಿಡಿಸಿ!"

ಸಾಹೇಬ ಬಂದು ವಕೀಲಮ್ಮನ ಪರದೆಯ ಮುಂದೆ ನಿಂತ. ಪಕ್ಕದಲ್ಲಿ ಧಣಿ. ಸೊಳ್ಳೆಗಳು ಇಬ್ಬರಿಗೂ ಭೇದವಿಲ್ಲದೆ ಮುತ್ತಿದವು.

"ನೋಡಮ್ಮ, ಯಾರು ಕರೆದರೂ ಅಂದ್ರೆ... ಸಾಮಾನ್ಯವಾಗಿ..." ಸಾಹೇಬ ಕುತ್ತಿಗೆಗೆ ಫಟಾರನೆ ಹೊಡೆದುಕೊಂಡ.

"ಸಾಮಾನ್ಯವಾಗಿ ಅಂತ ಎರಡು ಸಲವೂ ಹೇಳಿರ್ಲಿಲ್ಲ ಸಾಹೇಬ್ರೆ."

"ನಾನು ಕರೆಯೋದು ಬೇರೆ!" ಎಂದು ಗುಡುಗಿದ ಧಣಿ, ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ.

"ಹೊಡ್ಕೊಳ್ಳಿ ಧಣಿ, ನಮ್ಮ ಕೈ ಖಾಲಿ ಇರ್ಲಿಲ್ಲ ಇಷ್ಟು ದಿನ" ಎಂದು ಯಾವುದೋ ಪರದೆಯಿಂದ ಹೆಂಗಸೊಬ್ಬಳು ಅಂದಳು. ಬಯಲೆಲ್ಲ ಗೊಳ್ಳೆಂದಿತು.

ವಕೀಲಮ್ಮ ಮಾತ್ರ ನಗಲಿಲ್ಲ. ಎದ್ದು ಕೂತಳು. ಮಗಳ ತಲೆ ಅವಳ ತೊಡೆಯ ಮೇಲಿತ್ತು.

"ಸಾಹೇಬ್ರೆ, ನನ್ನ ಮಗ ಹೋದಾಗ ನೀವೇ ಬಂದಿದ್ರಿ. ಪರದೆ ಕಟ್ಟೋಕೆ ಏನಾಗಿತ್ತು ನಿಂಗೆ ಅಂತ ನನ್ನೇ ಬೈದ್ರಿ. ಪರದೆ ಇರ್ಲಿಲ್ಲ. ಇದ್ದಿದ್ರೂ ಅದರೊಳಗೆ ಮಲಗೋಕೆ ಹೊತ್ತಿರ್ಲಿಲ್ಲ. ಹುಡುಗನ್ನ ಸೊಂಟಕ್ಕೆ ಕಟ್ಕೊಂಡು ಇಲ್ಲೇ ಮಣ್ಣು ತುಳೀತಿದ್ದೆ. ಈಗ ಕಟ್ಟಿದೀನಿ. ಹೊರಗೆ ಬಾ ಅಂತ ನಿಮ್ಮ ಬಾಯಲ್ಲೇ ಹೇಳಿ. ಬಂದುಬಿಡ್ತೀನಿ."

ಲಾರಿಯ ಚಾಲಕ ಎಂಜಿನ್ ಆರಿಸಿದ. ಸಾಹೇಬ ತಲೆ ತಗ್ಗಿಸಿ ತನ್ನ ಬೂಟು ನೋಡಿದ. ಆಮೇಲೆ ಧಣಿಯ ಕಡೆ ತಿರುಗಿ ಹೇಳಿದ, "ನನ್ನ ಬಾಯಲ್ಲಿ ಬರಲ್ಲ. ಬೆಳಿಗ್ಗೆ ತುಂಬಿಸ್ಕೊಳ್ಳಿ." ಅಷ್ಟು ಚಿಕ್ಕ ಭಾಷಣವನ್ನು ಅವನು ಯಾವತ್ತೂ ಮಾಡಿರಲಿಲ್ಲ.

"ಹಾಗಾದ್ರೆ ನಾಳೆಯಿಂದ ಒಬ್ಬರೂ ಭಟ್ಟಿಗೆ ಕಾಲಿಡಬೇಡಿ!" ಧಣಿ ಕಿರುಚಿದ. "ಬೇರೆಯವರನ್ನ ತರ್ತೀನಿ!"

ಆಗ ಗೊರಕೆ ಮಾತಾಡಿದ. ಎಚ್ಚರವಾಗಿದ್ದಾಗ ಅವನ ದನಿ ಹೇಗಿರುತ್ತದೆಂದು ಹಲವರಿಗೆ ಗೊತ್ತೇ ಇರಲಿಲ್ಲ.

"ಮೋಡ ನೋಡಿ ಧಣಿ. ಹಸಿ ಇಟ್ಟಿಗೆ ಎಲ್ಲಾ ಬಯಲಲ್ಲಿದೆ. ಮಳೆ ಬಿದ್ರೆ ಮತ್ತೆ ಮಣ್ಣು. ಬೆಳಿಗ್ಗೆ ಒಳಗೆ ಸಾಗಿಸೋರು ಯಾರು?"

ಧಣಿ ಮೋಡ ನೋಡಿದ. ಪಕ್ಕದ ಊರಿನಿಂದ ಆಳು ತರಿಸಲು ಎರಡು ದಿನವಾದರೂ ಬೇಕು. ಮೋಡ ಅಷ್ಟು ಕಾಯುವ ಹಾಗೆ ಕಾಣಲಿಲ್ಲ. ಕೈಕಾಲು ಕೆರೆದುಕೊಳ್ಳುತ್ತ ಮನೆಯ ಕಡೆ ನಡೆದ. ಸಾಹೇಬನ ಜೀಪೂ ಹೋಯಿತು.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಒಬ್ಬನೇ ಉಳಿದ. ಅವನು ಮಲಗುವುದು ಸೌದೆಯ ಕೊಟ್ಟಿಗೆಯಲ್ಲಿ. ಧಣಿಯ ಕಡೆಯವನೆಂದು ಇಲ್ಲಿಯವರು ಅವನಿಗೆ ಪರದೆ ಕೊಟ್ಟಿರಲಿಲ್ಲ. ಕೂಲಿಯವನೆಂದು ಧಣಿಯೂ ಕೊಟ್ಟಿರಲಿಲ್ಲ. ಪರದೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಅವನ ಹಲ್ಲುಗಳು ಕಟಕಟ ಅನ್ನುತ್ತಿದ್ದವು.

"ಅಕ್ಕಾ" ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ನಂಗೂ ನಿನ್ನೆಯಿಂದ ಚಳಿ."

ವಕೀಲಮ್ಮನ ನಾಲಿಗೆಯ ತುದಿಯಲ್ಲಿ ನೂರು ವಾದಗಳು ಸಾಲುಗಟ್ಟಿ ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಮಗಳ ಪಾಲಿನ ಮಾತ್ರೆಯನ್ನು ಕೊಡುವ ಹಾಗಿರಲಿಲ್ಲ. "ಹೊತ್ತು ಹುಟ್ಟಿದ ಮೇಲೆ ಸಾಹೇಬ್ರ ಹತ್ರ ಹೋಗು. ಈಗ ಗಂಡನ ಪರದೇಲಿ ಮಲಗು. ಜಾಗ ಇದೆ. ನಿದ್ದೆ ಬರೋದು ಬಿಡೋದು ನಿನ್ನ ಹಣೆಬರಹ" ಎಂದಳು. ಗೊರಕೆ ಅಂಚು ಎತ್ತಿ ಅವನನ್ನು ಒಳಗೆಳೆದುಕೊಂಡ.

ಬೆಳಗಿನ ಜಾವ ಎಬ್ಬಿಸುವವರಿಲ್ಲದೆ ಧಣಿಯೇ ಕಂಬಳಿ ಹೊದ್ದು ಬಯಲಿಗೆ ಬಂದ. ಪರದೆಗಳೆಲ್ಲ ಒಂದೇ ಬಣ್ಣ, ಯಾವುದರೊಳಗೆ ಯಾರೆಂದು ತಿಳಿಯುತ್ತಿರಲಿಲ್ಲ.

"ಲೋ ಮೇಸ್ತ್ರಿ! ಎಲ್ಲಿ ಸತ್ತೋದ್ಯೋ?"

"ಸತ್ತಿಲ್ಲ ಧಣಿ" ಎಂದು ಒಂದು ಪರದೆ ಮಾತಾಡಿತು. "ಇಲ್ಲೇ ಇದೀನಿ. ಹೊತ್ತು ಹುಟ್ಲಿ, ಬರ್ತೀವಿ."