ಏರು ಹತ್ತಿದ ಡೀಸೆಲ್

ಹೊಳಲ್ಕೆರೆ ಕಡೆಯ ಆ ಏರು ದೊಡ್ಡದೇನಲ್ಲ. ಎತ್ತಿನ ಗಾಡಿಯವನು ಕಂಡರೆ ಇದೊಂದು ಏರೇ ಎಂದು ನಕ್ಕಾನು. ಆದರೆ ಮೂವತ್ತು ವ್ಯಾಗನ್ ಅದಿರು ಹೇರಿದ ಗೂಡ್ಸಿಗೆ ಅದೇ ಬೆಟ್ಟ. ಅದಕ್ಕೆಂದೇ ಬುಡದ ಸ್ಟೇಷನ್ನಿನಲ್ಲಿ ಒಂದು ಉಗಿ ಎಂಜಿನ್ ಕಾದಿರುತ್ತಿತ್ತು. ಗೂಡ್ಸು ಬಂದಾಗ ಹಿಂದಿನಿಂದ ತಳ್ಳಿ ನೆತ್ತಿ ಮುಟ್ಟಿಸುವುದಷ್ಟೇ ಅದರ ಕೆಲಸ. ಹನ್ನೊಂದು ವರ್ಷದಿಂದ ಹನುಮಂತಯ್ಯನೇ ಅದರ ಡ್ರೈವರು. ಅವನ ಊರು ಅಲ್ಲಿಂದ ಎರಡೇ ಮೈಲಿ. ಬೆಳಿಗ್ಗೆ ಹೊಲಕ್ಕೊಂದು ಸುತ್ತು ಹಾಕಿಯೇ ಡ್ಯೂಟಿಗೆ ಬರುತ್ತಿದ್ದ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಡೀಸೆಲ್ ಎಂಜಿನ್ ಬಂತು. ಅದೊಂದೇ ಅಷ್ಟನ್ನೂ ಎಳೆದರೆ ತಳ್ಳುವ ಎಂಜಿನ್ ಬೇಡ. ಆಗ ಹನುಮಂತಯ್ಯನಿಗೆ ದೂರದ ಗುಂತಕಲ್ಲಿಗೆ ವರ್ಗ. ಅದೊಂದೇ ಏರು ಹತ್ತೀತೇ ಎಂದು ನೋಡುವ ಪರೀಕ್ಷೆಯ ದಿನ ಡೀಸೆಲ್ ಓಡಿಸಲು ಬಂದವನು ಪಾಲಣ್ಣ, ಹಿಂದೆ ಇವನ ಕೈಕೆಳಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವನು.

“ಏನಣ್ಣ, ಇನ್ನೂ ಮಸಿ ಬಳ್ಕಂಡೇ ಕುಂತೀಯಾ? ನೀನು ಬೆಂಕಿ ಕಾಸಾದ್ರೊಳಗೆ ನಾನು ದಾವಣಗೆರೆಲಿ ಮಂಡಕ್ಕಿ ತಿಂತಿರ್ತೀನಿ.”

“ಮದ್ಲು ಏರು ಹತ್ತು ಲೇ, ಆಮೇಲೆ ಮಂಡಕ್ಕಿ,” ಎಂದ ಹನುಮಂತಯ್ಯ.

ಪರೀಕ್ಷೆ ನೋಡಲು ಬಂದಿದ್ದ ಲೋಕೋ ಇನ್ಸ್‌ಪೆಕ್ಟರು ತಾವು ಡೀಸೆಲ್ಲಿಗೆ ಹತ್ತುವ ಮೊದಲು ಹನುಮಂತಯ್ಯನಿಗೆ ಹೇಳಿದರು: “ನೀವು ಹಿಂದೆ ಬನ್ನಿ. ಆದರೆ ನಾವು ಪೂರ್ತಿ ನಿಂತ ಹೊರತು ತಳ್ಳಬೇಡಿ.”

ಅರ್ಧ ಏರಿನಲ್ಲಿ ವೇಗ ಇಳಿಯಿತು. ಪಕ್ಕದ ಕಾಲುದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತವಳೊಬ್ಬಳು ಗಾಡಿಯ ಸಮಕ್ಕೆ ನಡೆಯುತ್ತಿದ್ದಳು. ಉಗಿ ಎಂಜಿನ್ ಈ ನಡಿಗೆಗಿಳಿಯಿತೆಂದರೆ ಮುಗಿಯಿತು. ನಾಲ್ಕು ಉಸಿರಿನಲ್ಲಿ ಚಕ್ರ ಜಾರಿ ನಿಲ್ಲುತ್ತದೆ. ನಿಲ್ಲಲಿ ಎಂದು ಬೆಳಗಿನಿಂದ ಬಯಸುತ್ತಿದ್ದವನೇ ಹನುಮಂತಯ್ಯ. ಆದರೂ ಅವನ ಕೈ ತಾನಾಗಿ ಉಗಿಯ ಹಿಡಿ ಎಳೆಯಿತು. ಎಂಜಿನ್ ಮುಂದೊತ್ತಿತು. ಗೂಡ್ಸು ನೆತ್ತಿ ದಾಟಿತು.

ಗಾಡಿ ನಿಂತ ಮೇಲೆ ಹನುಮಂತಯ್ಯ ಇಳಿದು ಮುಂದಕ್ಕೆ ಬಂದಾಗ ಇನ್ಸ್‌ಪೆಕ್ಟರು ಕಾಗದ ತೆಗೆದು “ಪಾಸ್” ಎಂದು ಬರೆಯುವುದರಲ್ಲಿದ್ದರು.

“ಸ್ವಾಮಿ, ನಾನು ತಳ್ಳಿದೆ,” ಎಂದ ಹನುಮಂತಯ್ಯ.

ಪಾಲಣ್ಣ ಸಿಡುಕಿದ. “ಬೇಕಂತ್ಲೇ ಮಾಡಿದ್ಯಲ್ಲಾ! ಪರೀಕ್ಷೆ ಕೆಡಿಸಿ ಕೆಲ್ಸ ಉಳಿಸ್ಕಣಾಕೆ.”

“ಕೆಡಿಸೋನಾಗಿದ್ರೆ ಬ್ರೇಕ್ ಹಾಕ್ತಿರಲಿಲ್ವೇನೋ? ನಿಂತೋಗ್ತೀಯ ಅನ್ಸ್ತು, ತಳ್ಳಿದೆ.”

ಮರುದಿನ ಮತ್ತೆ ಪರೀಕ್ಷೆ. ಅಷ್ಟೇ ಭಾರ, ಅದೇ ಏರು. ಈ ಸಲ ಹಿಂದೆ ತಳ್ಳುವ ಎಂಜಿನ್ ಇಲ್ಲ. ಹನುಮಂತಯ್ಯ ಅರ್ಧ ಏರಿನಲ್ಲಿ ಕಾದು ನಿಂತ. ನಿನ್ನೆಯ ಜಾಗದಲ್ಲೇ ವೇಗ ಇಳಿಯಿತು. ಅವನು ಕೊನೆಯ ವ್ಯಾಗನ್ನಿನ ಪಕ್ಕ ನಡೆಯತೊಡಗಿದ, ಈಗ ನಿಂತೀತು, ಈಗ ನಿಂತೀತು ಎಂದುಕೊಂಡು. ಡೀಸೆಲ್ಲಿನ ಗೊರಗೊರ ಏರಲೂ ಇಲ್ಲ, ಇಳಿಯಲೂ ಇಲ್ಲ. ಎಲ್ಲಿಯೂ ಜಗ್ಗಾಟವಿಲ್ಲ, ಗಾಣದೆತ್ತಿನ ಹಾಗೆ ಒಂದೇ ಸಮನೆ ಎಳೆತ. ಅವನು ಏದುಸಿರು ಬಿಡುತ್ತ ನೆತ್ತಿ ಮುಟ್ಟುವಾಗ ಗೂಡ್ಸು ಆಗಲೇ ಮುಟ್ಟಿ ನಿಂತಿತ್ತು.

“ಮೆಲ್ಲಗಾದಷ್ಟೂ ಇದ್ರ ಎಳೆತ ಜಾಸ್ತಿ ಕಣಣ್ಣ,” ಎಂದ ಪಾಲಣ್ಣ. ಇವತ್ತು ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಇನ್ಸ್‌ಪೆಕ್ಟರು ಪೆನ್ನು ಹಿಡಿದು ಹನುಮಂತಯ್ಯನ ಮುಖ ನೋಡಿದರು. “ಮಳೆಗಾಲದಲ್ಲಿ ಹಳಿ ಮೇಲೆ ಚಕ್ರ ಜಾರುತ್ತೆ. ಒಂದು ವರ್ಷ ನಿಮ್ಮ ಎಂಜಿನ್ ಇಲ್ಲೇ ಇರಲಿ ಅಂತ ಬರೆಯಲೇ? ಈ ಏರು ನಿಮ್ಮಷ್ಟು ಗೊತ್ತಿದ್ದವರು ಯಾರೂ ಇಲ್ಲ.”

ಹೂಂ ಎಂದರೆ ಸಾಕಿತ್ತು. ಹನುಮಂತಯ್ಯ ತಾನು ನಡೆದು ಬಂದ ಇಳಿಜಾರನ್ನು ಒಮ್ಮೆ ನೋಡಿದ.

“ಹಳಿ ಮ್ಯಾಲೆ ಮರಳು ಉದುರಿಸಿದ್ರೆ ಮಳೇಲೂ ಜಾರ್ದಂಗೆ ಹತ್ತತೈತೆ ಸ್ವಾಮಿ. ನಂದು ಬ್ಯಾಡ. ಸುಮ್ನೆ ಕಲ್ಲಿದ್ಲು ದಂಡ.”

ಇನ್ಸ್‌ಪೆಕ್ಟರು ಹಾಗೆಯೇ ಬರೆದುಕೊಂಡರು.